ವಿಕಿಡೇಟಾ: ಕೊಡಗಿನ ಗ್ರಂಥಾಲಯದ ಮೇಜಿನಿಂದ ಒಂದು ವಿಮರ್ಶೆ

ವಿಕಿಪೀಡಿಯದಲ್ಲಿ ಮಡಿಕೇರಿ ಎಂದು ಹುಡುಕಿದರೆ ಒಂದು ಲೇಖನ ಸಿಗುತ್ತದೆ. ಅದರ ಸೋದರ ತಾಣವಾದ, ಯಾರು ಬೇಕಾದರೂ ತಿದ್ದಬಹುದಾದ ವಿಕಿಡೇಟಾದಲ್ಲಿ ಹುಡುಕಿದರೆ ಸಿಗುವುದು ಸಾಲು ಸಾಲಾಗಿ ಬಿಡಿಸಿಟ್ಟ ಮಾಹಿತಿ: ಇದು ಯಾವ ಬಗೆಯ ಸ್ಥಳ, ಯಾವ ದೇಶದಲ್ಲಿದೆ, ಯಾವ ಆಡಳಿತ ಘಟಕಕ್ಕೆ ಸೇರಿದೆ, ಅಕ್ಷಾಂಶ ರೇಖಾಂಶಗಳೇನು, ಯಾವ ವರ್ಷದ ಎಣಿಕೆಯಂತೆ ಜನಸಂಖ್ಯೆ ಎಷ್ಟು. ಲೇಖನವನ್ನು ಮನುಷ್ಯರು ಓದಲೆಂದು ಬರೆಯಲಾಗಿದೆ. ಈ ಸಾಲುಗಳನ್ನು ಮನುಷ್ಯರಿಗೂ ಕಂಪ್ಯೂಟರಿಗೂ ಒಂದೇ ಅರ್ಥ ಬರುವಂತೆ ಜೋಡಿಸಲಾಗಿದೆ. ಕೊಡಗಿನ ಒಂದು ಸಣ್ಣ ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು, ಓದುಗರು ಕೇಳುವ ಸ್ಥಳೀಯ ಪ್ರಶ್ನೆಗಳಿಗೆ ಉತ್ತರ ಹುಡುಕಲು ಈ ಸೇವೆಯನ್ನು ಬಳಸುತ್ತ ಬಂದಿದ್ದೇನೆ, ನನಗೆ ಖಚಿತವಾಗಿ ಗೊತ್ತಿರುವ ಸಂಗತಿಗಳನ್ನು ಅದಕ್ಕೆ ಸೇರಿಸುತ್ತಲೂ ಬಂದಿದ್ದೇನೆ. ಈ ವಿಮರ್ಶೆ ಆ ಬಳಕೆಯಿಂದ ಹುಟ್ಟಿದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಊರಿಗೆ ಮೂರು ಹೆಸರು, ಒಂದೇ ನದಿಗೆ ಎರಡು ಉದ್ದ, ಒಂದು ಶತಮಾನದೊಳಗೆ ನಾಲ್ಕು ಆಡಳಿತಗಳನ್ನು ಕಂಡ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಮಾಹಿತಿ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಆದರೆ ಅದರ ಕನ್ನಡದ ಭಾಗ ಇನ್ನೂ ಬಹಳ ತೆಳುವಾಗಿದೆ. ಅದನ್ನು ತುಂಬುವ ಕೆಲಸ ಈ ಸೇವೆಯನ್ನು ರೂಪಿಸಿದ, ಬರ್ಲಿನ್ನಿನಲ್ಲಿರುವ ತಂತ್ರಜ್ಞರಿಂದ ಆಗುವಂಥದ್ದಲ್ಲ. ಊರು ಬಲ್ಲವರೇ ಕೈಹಚ್ಚಬೇಕು.

ಈ ಸೇವೆಯ ಹಿಂದಿರುವ ವಿಚಾರ ಹಳೆಯದು. 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ವೆಬ್‌ನ ಪ್ರಸ್ತಾವ ಮುಂದಿಟ್ಟ ಟಿಮ್ ಬರ್ನರ್ಸ್-ಲೀ, 2001ರಲ್ಲಿ ಜೇಮ್ಸ್ ಹೆಂಡ್ಲರ್ ಮತ್ತು ಓರಾ ಲಸ್ಸಿಲಾ ಅವರೊಡನೆ ಬರೆದ ಲೇಖನವೊಂದರಲ್ಲಿ, ಪುಟಗಳನ್ನು ಮಾತ್ರ ಬೆಸೆಯುವ ಜಾಲದ ಮೇಲೆ ಅರ್ಥಗಳನ್ನೂ ಬೆಸೆಯುವ ಜಾಲವೊಂದು ಬೆಳೆಯಬೇಕೆಂದು ವಾದಿಸಿದರು. ಅದಕ್ಕೆ ಅವರಿಟ್ಟ ಹೆಸರು ಸೆಮ್ಯಾಂಟಿಕ್ ವೆಬ್. ಅದಕ್ಕೆ ಬೇಕಾದ ತಳಪಾಯಗಳು ಒಂದೊಂದಾಗಿ ಬಂದವು: ಮಾಹಿತಿಯನ್ನು ವಿಷಯ, ಗುಣ, ಬೆಲೆ ಎಂಬ ಮೂರು ತುಂಡಿನ ಹೇಳಿಕೆಗಳಾಗಿ ಬರೆಯುವ ಆರ್‌ಡಿಎಫ್ ಎಂಬ ವಿಧಾನ 1999ರಲ್ಲಿ, ಅಂಥ ಹೇಳಿಕೆಗಳ ರಾಶಿಯನ್ನು ಪ್ರಶ್ನಿಸುವ ಸ್ಪಾರ್ಕಲ್ ಎಂಬ ಭಾಷೆ 2008ರಲ್ಲಿ ವೆಬ್ ಮಾನದಂಡಗಳಾದವು. ಆದರೆ ಅಂದುಕೊಂಡಷ್ಟು ಬೇಗ ಜನ ಅದರತ್ತ ಬರಲಿಲ್ಲ. ತಮ್ಮ ತಾಣದ ಪ್ರತಿ ಪುಟಕ್ಕೂ ಅರ್ಥದ ಗುರುತು ಹಚ್ಚುವ ಶ್ರಮವನ್ನು ಯಾರೂ ಸುಮ್ಮನೆ ಹೊರುವುದಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ವಿಕಿಡೇಟಾ ಆ ಶ್ರಮವನ್ನು ಒಂದೇ ಕಡೆ ಕಲೆಹಾಕಿ, ಯಾರು ಬೇಕಾದರೂ ಕೈಜೋಡಿಸುವಂತೆ ಮಾಡಿತು.

2012ರ ಅಕ್ಟೋಬರ್ 29ರಂದು ವಿಕಿಮೀಡಿಯ ಜರ್ಮನಿ ಸಂಸ್ಥೆ ಇದನ್ನು ಆರಂಭಿಸಿದಾಗ ಅದರ ಮೊದಲ ಕೆಲಸ ತೀರ ಸರಳವಾಗಿತ್ತು. ಒಂದೇ ವಿಷಯದ ಬಗ್ಗೆ ಬೇರೆ ಬೇರೆ ಭಾಷೆಗಳ ವಿಕಿಪೀಡಿಯಗಳಲ್ಲಿರುವ ಲೇಖನಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಗಳನ್ನು ಅಲ್ಲಿಯವರೆಗೆ ಪ್ರತಿಯೊಂದು ಭಾಷೆಯೂ ಪ್ರತ್ಯೇಕವಾಗಿ ಕಾಪಾಡಬೇಕಿತ್ತು. ಆ ಎಲ್ಲ ಕೊಂಡಿಗಳನ್ನು ಒಂದು ಸಂಖ್ಯೆಯ ಕೆಳಗೆ ತಂದು ನಿಲ್ಲಿಸಿದ್ದೇ ಮೊದಲ ಹೆಜ್ಜೆ. ಇಂದು ಅಂಥ ಸಂಖ್ಯೆ ಪಡೆದ ವಿಷಯಗಳು 11 ಕೋಟಿಗೂ ಹೆಚ್ಚಿವೆ. ಅಲ್ಲಿ ಪ್ರತಿ ವಿಷಯಕ್ಕೂ 'ಕ್ಯೂ' ಅಕ್ಷರದಿಂದ ಆರಂಭವಾಗುವ ಗುರುತು ಸಂಖ್ಯೆಯಿದೆ, ವಿಷಯದ ಬಗ್ಗೆ ಹೇಳಬಹುದಾದ ಪ್ರತಿ ಗುಣಕ್ಕೂ 'ಪಿ' ಅಕ್ಷರದ ಸಂಖ್ಯೆಯಿದೆ. ಭೂಮಿ ಕ್ಯೂ 2, ಮನುಷ್ಯ ಕ್ಯೂ 5. 'ಇದು ಯಾವ ಬಗೆಯದು' ಎಂಬ ಗುಣ ಪಿ 31, 'ಯಾವ ಆಡಳಿತ ಘಟಕದಲ್ಲಿದೆ' ಎಂಬುದು ಪಿ 131. ಸೇವೆ ಉಚಿತ, ಜಾಹೀರಾತುಗಳಿಲ್ಲ. ಅಲ್ಲಿನ ದತ್ತಾಂಶವನ್ನು ಸಿಸಿ ಝೀರೊ ಪರವಾನಗಿಯಡಿ ಕೊಟ್ಟಿರುವುದರಿಂದ ಯಾರನ್ನೂ ಕೇಳದೆ ಯಾವ ಉದ್ದೇಶಕ್ಕಾದರೂ ಬಳಸಬಹುದು.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, 1,748 ಮೀಟರ್. ಲೇಖನದಲ್ಲಾದರೆ ಈ ಸಂಗತಿ ಒಂದು ವಾಕ್ಯದೊಳಗೆ ಸೇರಿಹೋಗುತ್ತದೆ. ವಿಕಿಡೇಟಾದಲ್ಲಿ ಅದನ್ನು ಬರೆಯಲು ಶಿಖರದ ಪುಟದ ಕೆಳಗಿರುವ 'ಹೇಳಿಕೆ ಸೇರಿಸಿ' ಎಂಬ ಅರ್ಥದ ಕೊಂಡಿಯನ್ನು ಒತ್ತಿ, ಸಮುದ್ರ ಮಟ್ಟದಿಂದ ಎತ್ತರ ಎಂಬ ಗುಣವನ್ನು ಆರಿಸಿ, 1748 ಎಂದು ಬರೆದು, ಅದರ ಅಳತೆಯ ಏಕಮಾನ ಮೀಟರ್ ಎಂದು ಬೇರೆಯಾಗಿ ಸೂಚಿಸಬೇಕು. ನಂತರ ಅದೇ ಸಾಲಿನ ಕೆಳಗೆ, ಈ ಸಂಖ್ಯೆಯನ್ನು ಎಲ್ಲಿಂದ ತೆಗೆದುಕೊಂಡಿರೆಂದು ಉಲ್ಲೇಖ ಕೊಡಬೇಕು. ಹೀಗೆ ಬರೆದ ಸಂಗತಿಯನ್ನು ಅಡಿಗಳಲ್ಲಿ ಬೇಕೆಂದವರಿಗೆ ಯಂತ್ರ ತಾನೇ ಲೆಕ್ಕ ಹಾಕಿ ಕೊಡಬಲ್ಲುದು, 1,712 ಮೀಟರ್ ಎತ್ತರದ ಪುಷ್ಪಗಿರಿಯೊಡನೆ ಹೋಲಿಸಬಲ್ಲುದು, ನಕ್ಷೆಯ ಮೇಲೆ ಗುರುತಿಸಬಲ್ಲುದು. ಆ ಸಾಲನ್ನು ಬರೆದವರಿಗೆ ಈ ಮೂರರಲ್ಲಿ ಒಂದೂ ನೆನಪಿರಬೇಕಾಗಿಲ್ಲ, ಓದುವವರೂ ಕೈಯಿಂದ ಮಾಡಬೇಕಾಗಿಲ್ಲ.

ಹೆಸರಿನ ವಿಷಯದಲ್ಲಿ ಈ ಸೇವೆಯ ಶಕ್ತಿ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು. ಗ್ರಂಥಾಲಯದ ಸೂಚಿಯನ್ನು ಸಿದ್ಧಪಡಿಸುವವರಿಗೆ ಈ ಕಷ್ಟ ಗೊತ್ತು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 1939ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲೇ ತೀರಿಕೊಂಡ ಕತೆಗಾರ್ತಿಯನ್ನು ನಾವು ಕೊಡಗಿನ ಗೌರಮ್ಮ ಎನ್ನುತ್ತೇವೆ. ಆಕೆ ಬರೆಯುತ್ತಿದ್ದುದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ. ಅಕ್ಷರಗಳನ್ನಷ್ಟೇ ನೋಡುವ ಯಂತ್ರಕ್ಕೆ ಇವರು ಇಬ್ಬರು ಲೇಖಕಿಯರು. ವಿಕಿಡೇಟಾದಲ್ಲಿ ವ್ಯಕ್ತಿಯ ಗುರುತು ಸಂಖ್ಯೆಯಲ್ಲಿದೆ, ಹೆಸರುಗಳೆಲ್ಲ ಅದಕ್ಕೆ ಅಂಟಿಸಿದ ಚೀಟಿಗಳು. ಪ್ರತಿ ಭಾಷೆಗೂ ಒಂದು ಮುಖ್ಯ ಹೆಸರು, ಒಂದು ಚಿಕ್ಕ ವಿವರಣೆ, ಬೇಕಾದಷ್ಟು ಪರ್ಯಾಯ ಹೆಸರುಗಳನ್ನು ಕೊಡಬಹುದು. ಮಡಿಕೇರಿ ಮತ್ತು ಮರ್ಕೆರಾ, ಕುಶಾಲನಗರ ಮತ್ತು ಫ್ರೇಜರ್‌ಪೇಟೆ, ವಿರಾಜಪೇಟೆ ಮತ್ತು ವೀರರಾಜೇಂದ್ರಪೇಟೆ, ಕೊಡಗು ಮತ್ತು ಕೂರ್ಗ್, ಯಾವುದನ್ನು ಟೈಪ್ ಮಾಡಿದರೂ ಒಂದೇ ಪುಟಕ್ಕೆ ಬಂದು ಸೇರಲು ಇದರಿಂದ ಸಾಧ್ಯ. ಬ್ರಿಟಿಷ್ ಕಾಲದ ದಾಖಲೆ ಹುಡುಕುವ ವಿದ್ಯಾರ್ಥಿಗೂ ಇಂದಿನ ಪ್ರವಾಸಿಗೂ ಇದು ಸಮಾನ ಉಪಯೋಗದ ವ್ಯವಸ್ಥೆ.

ಮನುಷ್ಯರ ಹೆಸರಿನ ಒಳಗಿನ ರಚನೆಯನ್ನೂ ಇದು ಗೌರವಿಸುತ್ತದೆ ಎಂಬುದನ್ನು ಕೊಡವರು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರ ಹೆಸರಿನಲ್ಲಿ ಕೊಡಂದೇರ ಮನೆತನ, ಮಾದಪ್ಪ ತಂದೆ, ಕಾರ್ಯಪ್ಪ ಅವರ ಸ್ವಂತ ಹೆಸರು. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರದ್ದೂ ಹಾಗೆಯೇ. ಆದರೆ ಬಹುಪಾಲು ಆನ್‌ಲೈನ್ ಅರ್ಜಿಗಳು ಕೊನೆಯ ಪದವನ್ನೇ ಕುಲನಾಮ ಎಂದು ಎಣಿಸುತ್ತವೆ. ಹೀಗಾದಾಗ ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಅಣ್ಣ ತಮ್ಮಂದಿರು ಯಂತ್ರದ ಕಡತದಲ್ಲಿ ಸಂಬಂಧವೇ ಇಲ್ಲದವರಾಗುತ್ತಾರೆ. ವಿಕಿಡೇಟಾದಲ್ಲಿ ಕುಟುಂಬದ ಹೆಸರು ಒಂದು ಪ್ರತ್ಯೇಕ ಗುಣ. ಅದು ಹೆಸರಿನ ಮೊದಲಿಗೆ ಬರಲಿ, ಕೊನೆಗೆ ಬರಲಿ, ಅದನ್ನು ಹೆಸರಿಸಿ ಹೇಳಬೇಕಾಗುತ್ತದೆ. ಯಂತ್ರ ಊಹಿಸುವುದಿಲ್ಲ. ಅರ್ಥವುಳ್ಳ ಮಾಹಿತಿ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ.

ಕಾಲದ ಲೆಕ್ಕವೂ ಹೀಗೆಯೇ ಬಿಡಿಸಿಟ್ಟದ್ದು. ಮಡಿಕೇರಿ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ, ಯಾವಾಗ ಎಂಬುದರ ಮೇಲೆ ನಿಂತಿದೆ. 1834ರವರೆಗೆ ಹಾಲೇರಿ ಅರಸರ ರಾಜಧಾನಿ, ಅನಂತರ ಬ್ರಿಟಿಷರ ಕೂರ್ಗ್ ಪ್ರಾಂತ್ಯದ ಕೇಂದ್ರ, 1950ರಿಂದ ಕೊಡಗು ರಾಜ್ಯದ ರಾಜಧಾನಿ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದ ಒಂದು ಜಿಲ್ಲಾ ಕೇಂದ್ರ, 1973ರ ನವೆಂಬರ್ 1ರಿಂದ ಅದೇ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. ಪ್ರತಿ ಹೇಳಿಕೆಗೂ ಆರಂಭದ ದಿನ, ಮುಕ್ತಾಯದ ದಿನ ಎಂಬ ಉಪವಿವರಗಳನ್ನು ಸೇರಿಸಲು ವಿಕಿಡೇಟಾ ಅವಕಾಶ ಕೊಡುತ್ತದೆ. ಇವನ್ನು ಸರಿಯಾಗಿ ತುಂಬಿದರೆ, 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಯಾವ ಆಡಳಿತದಡಿಯಲ್ಲಿ ಹುಟ್ಟಿದರು ಎಂಬುದನ್ನು ಯಾರೂ ಎಲ್ಲಿಯೂ ಬರೆಯದಿದ್ದರೂ, ಎರಡು ಸಂಗತಿಗಳನ್ನು ಜೋಡಿಸಿ ಯಂತ್ರ ಉತ್ತರಿಸಬಲ್ಲುದು. ಇತಿಹಾಸ ಕಲಿಸುವ ಶಿಕ್ಷಕರು ಇದನ್ನು ಒಮ್ಮೆ ತರಗತಿಯಲ್ಲಿ ತೋರಿಸಿದರೆ ಮಕ್ಕಳಿಗೆ ಆಗುವ ಲಾಭ ದೊಡ್ಡದು.

ಮೂಲಗಳು ಒಂದನ್ನೊಂದು ಒಪ್ಪದಿದ್ದಾಗ ಏನು ಮಾಡಬೇಕು ಎಂಬುದಕ್ಕೂ ಇಲ್ಲಿ ಪ್ರಾಮಾಣಿಕ ದಾರಿಯಿದೆ. ಕಾವೇರಿಯ ಉದ್ದವನ್ನು 765 ಕಿಲೋಮೀಟರ್ ಎಂದು ಕೊಡುವ ಪುಸ್ತಕಗಳಿವೆ, 800 ಎಂದು ಕೊಡುವ ದಾಖಲೆಗಳಿವೆ. ವಿಕಿಡೇಟಾ ಎರಡನ್ನೂ ಒಂದೇ ಗುಣದ ಕೆಳಗೆ, ತಮ್ಮ ತಮ್ಮ ಮೂಲದ ಉಲ್ಲೇಖದೊಂದಿಗೆ, ಪಕ್ಕಪಕ್ಕದಲ್ಲಿ ಇಡಲು ಬಿಡುತ್ತದೆ. ಹೆಚ್ಚು ನಂಬಬಹುದಾದದ್ದಕ್ಕೆ ಆದ್ಯತೆಯ ದರ್ಜೆ ಕೊಡಬಹುದು. ತಪ್ಪೆಂದು ಸಾಬೀತಾದದ್ದನ್ನು ಅಳಿಸದೆ, ತಪ್ಪಿನ ಕಾರಣ ಬರೆದು ಕೆಳದರ್ಜೆಗೆ ಇಳಿಸಬಹುದು. ಹೀಗೆ ಇಳಿಸಿಟ್ಟ ಸಂಖ್ಯೆ ಪುಟದಲ್ಲೇ ಉಳಿಯುವುದರಿಂದ, ಅದೇ ತಪ್ಪನ್ನು ಮತ್ತೊಬ್ಬರು ಹೊಸದಾಗಿ ತಂದು ಸೇರಿಸುವುದು ತಪ್ಪುತ್ತದೆ. ಕಾಗದದ ವಿಶ್ವಕೋಶವೊಂದು ಈ ಎರಡು ಸಂಖ್ಯೆಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಮರೆತುಬಿಡಬೇಕಾಗಿತ್ತು.

ಇಷ್ಟು ಹೇಳಿದ ಮೇಲೆ ಕೊರತೆಗಳಿಗೆ ಬರಬೇಕು. ಉಲ್ಲೇಖ ಕೊಡುವ ಸೌಲಭ್ಯವಿದೆ ಎಂದ ಮಾತ್ರಕ್ಕೆ ಎಲ್ಲರೂ ಕೊಡುತ್ತಾರೆಂದಲ್ಲ. ಮೂಲವೇ ಇಲ್ಲದ ಹೇಳಿಕೆಗಳು ಸಾಕಷ್ಟಿವೆ, ಮತ್ತು ಇಂಥ ಭಾಷೆಯ ವಿಕಿಪೀಡಿಯದಿಂದ ತಂದದ್ದು ಎಂದಷ್ಟೇ ಬರೆದು ಮುಗಿಸಿದ ಉಲ್ಲೇಖಗಳೂ ಇವೆ. ಅಂಥದ್ದನ್ನು ಮೂಲ ಎಂದು ಒಪ್ಪಲಾಗದು, ಏಕೆಂದರೆ ಆ ಲೇಖನದಲ್ಲಿ ಸಂಗತಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಾನು ಓದುಗರಿಗೆ ಸಂಖ್ಯೆಯೊಂದನ್ನು ಹೇಳುವ ಮೊದಲು ಸಾಲಿನ ಕೆಳಗಿರುವ ಉಲ್ಲೇಖವನ್ನು ತೆರೆದು ನೋಡುತ್ತೇನೆ. ಈ ಅಭ್ಯಾಸ ಇಲ್ಲದವರು ವಿಕಿಡೇಟಾವನ್ನು ನೆಚ್ಚಿಕೊಳ್ಳಬಾರದು.

ಎರಡನೆಯ ತೊಡಕು ಒಂದೇ ಸ್ಥಳಕ್ಕೆ ಎರಡು ಪುಟಗಳು ಹುಟ್ಟಿಕೊಳ್ಳುವುದು. ಎಲ್‌ಎಸ್‌ಜೆಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಮ್, ಜಿಯೋನೇಮ್ಸ್ ಎಂಬ ಸ್ಥಳನಾಮ ಕೋಶದಿಂದ ಮಾಹಿತಿ ಪಡೆದು, ಸ್ವೀಡಿಷ್ ಮತ್ತು ಫಿಲಿಪೀನ್ಸಿನ ಸೆಬುವಾನೊ ಭಾಷೆಗಳ ವಿಕಿಪೀಡಿಯಗಳಲ್ಲಿ ಜಗತ್ತಿನ ಬೆಟ್ಟ, ಹಳ್ಳ, ಊರುಗಳ ಬಗ್ಗೆ ಲಕ್ಷಗಟ್ಟಲೆ ಪುಟ್ಟ ಲೇಖನಗಳನ್ನು ಬರೆಯಿತು. ಅವು ವಿಕಿಡೇಟಾಗೂ ಬಂದು, ಮೊದಲೇ ಇದ್ದ ಪುಟಗಳ ಪಕ್ಕದಲ್ಲಿ ಜೋಡಿಗಳಾಗಿ ಕುಳಿತವು. ಈ ಎರಡು ಹೆಸರುಗಳು ಒಂದೇ ಹೊಳೆಯವು ಎಂದು ಹೇಳಬಲ್ಲವರು ಆ ಹೊಳೆಯ ದಡದವರು ಮಾತ್ರ. ಎರಡು ಪುಟಗಳನ್ನು ಒಂದಾಗಿಸುವ ಸೌಲಭ್ಯ ಇದೆ, ಒಂದಾಗಿಸಿದ ಮೇಲೆ ಹಳೆಯ ಸಂಖ್ಯೆ ಹೊಸದಕ್ಕೆ ದಾರಿ ತೋರಿಸುತ್ತ ಉಳಿಯುತ್ತದೆ. ಹಾಗಾಗಿ ಹಳೆಯ ಸಂಖ್ಯೆ ಬಳಸಿದವರಿಗೂ ತೊಂದರೆಯಿಲ್ಲ.

ಪ್ರಶ್ನೆ ಕೇಳುವ ಸೇವೆ ಈ ತಾಣದ ಹೃದಯಭಾಗ. ಕೊಡಗಿನಲ್ಲಿರುವ ಪರ್ವತಗಳನ್ನು ಎತ್ತರದ ಇಳಿಕೆಯ ಕ್ರಮದಲ್ಲಿ ಕೊಡು, ಈ ಜಿಲ್ಲೆಯಲ್ಲಿ ಹುಟ್ಟಿದ ಹಾಕಿ ಆಟಗಾರರನ್ನು ಹುಟ್ಟಿದ ವರ್ಷದ ಕ್ರಮದಲ್ಲಿ ಕೊಡು ಎಂಬಂಥ ಪ್ರಶ್ನೆಗಳನ್ನು ಸ್ಪಾರ್ಕಲ್ ಭಾಷೆಯಲ್ಲಿ ಬರೆದರೆ, ಕೆಲವೇ ಕ್ಷಣಗಳಲ್ಲಿ ಕೋಷ್ಟಕ ಬರುತ್ತದೆ. ಅದನ್ನೇ ನಕ್ಷೆಯಾಗಿ, ಕಾಲರೇಖೆಯಾಗಿ, ಚಿತ್ರಗಳ ಪುಟವಾಗಿ ಬದಲಿಸಿ ನೋಡಬಹುದು, ಎಕ್ಸೆಲ್‌ನಲ್ಲಿ ತೆರೆಯುವಂತೆ ಇಳಿಸಿಕೊಳ್ಳಬಹುದು. ಸಾಮಾನ್ಯ ಹುಡುಕು ಯಂತ್ರ ಇದನ್ನು ಈ ರೀತಿ ಮಾಡಿಕೊಡುವುದಿಲ್ಲ. ಅದು ಪುಟಗಳ ಪಟ್ಟಿ ಕೊಡುತ್ತದೆ, ಪಟ್ಟಿಯ ಪುಟಗಳನ್ನು ಓದಿ ಕೋಷ್ಟಕ ಮಾಡುವ ಕೆಲಸ ನಮ್ಮದೇ ಆಗಿರುತ್ತದೆ.

ಆದರೆ ಸ್ಪಾರ್ಕಲ್ ಕಲಿಯುವುದು ಸುಲಭವಲ್ಲ. ಒಂದು ಸಣ್ಣ ಉದಾಹರಣೆ ಸಾಕು. ಊರೊಂದರ ಪುಟದಲ್ಲಿ ಅದು ವಿರಾಜಪೇಟೆ ತಾಲೂಕಿಗೆ ಸೇರಿದ್ದು ಎಂದು ಬರೆದಿರುತ್ತದೆ, ತಾಲೂಕಿನ ಪುಟದಲ್ಲಿ ಅದು ಕೊಡಗು ಜಿಲ್ಲೆಗೆ ಸೇರಿದ್ದು ಎಂದಿರುತ್ತದೆ. ಕೊಡಗು ಜಿಲ್ಲೆಯಲ್ಲಿರುವ ಊರುಗಳು ಯಾವುವು ಎಂದು ನೇರವಾಗಿ ಕೇಳಿದರೆ ಆ ಊರು ಉತ್ತರದಲ್ಲಿ ಬರುವುದೇ ಇಲ್ಲ, ಏಕೆಂದರೆ ಯಂತ್ರ ಒಂದೇ ಮೆಟ್ಟಿಲು ಹತ್ತಿ ನಿಲ್ಲುತ್ತದೆ. ಪಿ 131 ಎಂಬ ಗುಣದ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಇಟ್ಟರೆ, ಎಷ್ಟು ಮೆಟ್ಟಿಲಿದ್ದರೂ ಹತ್ತಿ ನೋಡು ಎಂದು ಅರ್ಥ. ಆಗ ಊರುಗಳೆಲ್ಲ ಬರುತ್ತವೆ. ಈ ಒಂದು ಚಿಹ್ನೆ ಗೊತ್ತಿಲ್ಲದವರು ವಿಕಿಡೇಟಾದಲ್ಲಿ ಕೊಡಗಿನ ಊರುಗಳೇ ಇಲ್ಲವೆಂದು ತಿಳಿದು ಕೈಬಿಡುವ ಸಾಧ್ಯತೆಯಿದೆ. ಭಾಷೆ ಬರೆಯದೆಯೇ ಪೆಟ್ಟಿಗೆಗಳನ್ನು ತುಂಬಿ ಪ್ರಶ್ನೆ ಕಟ್ಟುವ ಸಲಕರಣೆಯನ್ನೂ ಒದಗಿಸಿದ್ದಾರೆ, ಸರಳ ಪ್ರಶ್ನೆಗಳಿಗೆ ಅದು ಸಾಕು. ಪ್ರಶ್ನೆ ದೊಡ್ಡದಾದರೆ 60 ಸೆಕೆಂಡಿನ ಮಿತಿ ದಾಟಿ ನಿಂತುಹೋಗುವುದೂ ಉಂಟು. ದತ್ತಾಂಶ ಬೆಳೆದು ಬೆಳೆದು ಭಾರವಾದ್ದರಿಂದ 2025ರಲ್ಲಿ ಸಂಶೋಧನಾ ಲೇಖನಗಳ ಮಾಹಿತಿಯನ್ನು ಪ್ರಶ್ನಿಸುವ ವ್ಯವಸ್ಥೆಯನ್ನು ಬೇರ್ಪಡಿಸಬೇಕಾಯಿತು. ನಮ್ಮ ಜಿಲ್ಲೆಯ ಮಟ್ಟದ ಪ್ರಶ್ನೆಗಳಿಗೆ ಈ ಮಿತಿ ಅಡ್ಡಿಯಾಗದು.

ನಿಜವಾದ ಅಡ್ಡಿ ಕನ್ನಡದ್ದು. ಉತ್ತರದ ಕೋಷ್ಟಕವನ್ನು ಕನ್ನಡದಲ್ಲೇ ಕೊಡು ಎಂದು ಕೇಳುವ ಸೌಲಭ್ಯವಿದೆ. ಒಂದು ಭಾಷೆಯಲ್ಲಿ ಹೆಸರಿಲ್ಲದಿದ್ದರೆ ಮುಂದಿನ ಭಾಷೆಯಲ್ಲಿ ಕೊಡು ಎಂದೂ ಕ್ರಮ ಹಾಕಿಕೊಡಬಹುದು. ಕನ್ನಡವನ್ನಷ್ಟೇ ಕೇಳಿದಾಗ, ಕನ್ನಡ ಹೆಸರು ತುಂಬದ ಪ್ರತಿ ಊರಿನ ಜಾಗದಲ್ಲಿಯೂ ಬರಿಯ ಕ್ಯೂ ಸಂಖ್ಯೆ ಕಾಣುತ್ತದೆ. ಸಂಖ್ಯೆಗಳಿಂದ ತುಂಬಿದ ಅಂಥ ಅಂಕಣವನ್ನು ಶಾಲೆಯ ಮಕ್ಕಳಿಗೆ ಹೇಗೆ ತೋರಿಸುವುದು? ಹೆಸರು ಇದ್ದ ಕಡೆಯಲ್ಲೂ ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ತಿರುಗಿಸಿದ ರೂಪಗಳು ಸೇರಿಕೊಳ್ಳುವ ಅಪಾಯವಿದೆ. ನಮ್ಮ ಊರುಗಳ ಹೆಸರಿನಲ್ಲಿ ಹ್ರಸ್ವ ದೀರ್ಘ, ಲಕಾರ ಳಕಾರ ತಪ್ಪಿದರೆ ಊರೇ ತಪ್ಪಿದಂತೆ. ಇಂಗ್ಲಿಷ್ ಅಕ್ಷರಗಳಿಂದ ಇದು ತಿಳಿಯುವುದಿಲ್ಲ. ಹೆಸರಾಂತ ನಕ್ಷೆ ಸೇವೆಯೊಂದರಲ್ಲಿ ನಮ್ಮ ಪಕ್ಕದ ಊರಿನ ಹೆಸರು ಹೀಗೆ ತಿರುಚಿಕೊಂಡು, ಹೊರಗಿನಿಂದ ಬಂದವರು ಅದನ್ನೇ ಉಚ್ಚರಿಸಿ ದಾರಿ ಕೇಳುವುದನ್ನು ನಾನು ಕೇಳಿದ್ದೇನೆ. ವಿಕಿಡೇಟಾದಲ್ಲಿ ಅಂಥ ಹೆಸರನ್ನು ತಿದ್ದಲು ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. ತಿದ್ದಿದ ಕೂಡಲೇ ಬದಲಾಗುತ್ತದೆ, ಯಾರು ಯಾವಾಗ ಏನನ್ನು ತಿದ್ದಿದರೆಂಬುದು ಪುಟದ ಇತಿಹಾಸದಲ್ಲಿ ಉಳಿಯುತ್ತದೆ.

ಆಡಳಿತ ಬದಲಾದಾಗ ಈ ಕೆಲಸ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ನಮ್ಮ ತಾಲೂಕುಗಳೇ ಸಾಕ್ಷಿ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರಿದ್ದ ತಾಲೂಕುಗಳು ಪೊನ್ನಂಪೇಟೆ ಮತ್ತು ಕುಶಾಲನಗರ ಸೇರಿ ಐದಾದವು. ಲೇಖನದಲ್ಲಾದರೆ ಒಂದು ವಾಕ್ಯ ಬದಲಿಸಿದರೆ ಆಯಿತು. ಇಲ್ಲಿ ಪೊನ್ನಂಪೇಟೆಗೆ ಸೇರಿದ ಪ್ರತಿ ಊರಿನ ಪುಟದಲ್ಲಿಯೂ ಹಳೆಯ ತಾಲೂಕಿಗೆ ಮುಕ್ತಾಯದ ದಿನ ಹಾಕಿ, ಹೊಸ ತಾಲೂಕನ್ನು ಆರಂಭದ ದಿನದೊಂದಿಗೆ ಸೇರಿಸಬೇಕು. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಕೊಟ್ಟ ಸಂಕೇತ ಸಂಖ್ಯೆಯನ್ನು ದಾಖಲಿಸಲು ವಿಕಿಡೇಟಾದಲ್ಲಿ ಒಂದು ಗುಣವಿದೆ. ಅದನ್ನು ತುಂಬಿದ್ದರೆ ಸರ್ಕಾರದ ಪಟ್ಟಿಯನ್ನೂ ವಿಕಿಡೇಟಾವನ್ನೂ ಪಕ್ಕದಲ್ಲಿಟ್ಟು, ಇಡೀ ತಾಲೂಕಿನ ಊರುಗಳನ್ನು ಒಟ್ಟಿಗೆ ತಿದ್ದುವ ಸಲಕರಣೆಗಳನ್ನು ಬಳಸಬಹುದು. ತುಂಬದಿದ್ದರೆ ಒಂದೊಂದೇ ಪುಟ ತೆರೆದು ಮಾಡಬೇಕು. ಮೊಬೈಲ್ ಪರದೆಯಲ್ಲಿ ಇಂಥ ತಿದ್ದುವಿಕೆ ಕಿರಿಕಿರಿಯದು, ಕಂಪ್ಯೂಟರ್ ಇಲ್ಲದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಕೈಕೊಡುವ ನಮ್ಮಲ್ಲಿ, ಪಟ್ಟಿಯನ್ನು ಮೊದಲೇ ಎಕ್ಸೆಲ್‌ನಲ್ಲಿ ಸಿದ್ಧಪಡಿಸಿಕೊಂಡು ಸಂಪರ್ಕ ಸಿಕ್ಕಾಗ ಸೇರಿಸುವುದು ಒಳ್ಳೆಯದು.

ಹೋಂಸ್ಟೇ ನಡೆಸುವವರು ಈ ವಿಮರ್ಶೆ ತಮಗಲ್ಲ ಎಂದುಕೊಳ್ಳಬಾರದು. ತಮ್ಮ ಹೋಂಸ್ಟೇಯ ಜಾಲತಾಣದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ, ಇದು ತಂಗುವ ಮನೆ, ಇದು ಅದರ ವಿಳಾಸ, ಇದು ಬಾಡಿಗೆ, ಇದು ಕೋಣೆ ತೆರವು ಮಾಡುವ ಸಮಯ ಎಂದು ಯಂತ್ರ ಖಚಿತವಾಗಿ ಅರಿಯಲು ಪುಟದೊಳಗೆ ಗುರುತುಗಳು ಬೇಕು. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಒಟ್ಟಾಗಿ ಆರಂಭಿಸಿದ ಸ್ಕೀಮಾ ಡಾಟ್ ಆರ್ಗ್ ಎಂಬ ಪದಕೋಶ ಇದಕ್ಕಾಗಿಯೇ ಇದೆ. ಜೇಸನ್-ಎಲ್‌ಡಿ ಎಂಬ ರೂಪದಲ್ಲಿ ಹತ್ತಿಪ್ಪತ್ತು ಸಾಲು ಬರೆದು ಪುಟದಲ್ಲಿ ಸೇರಿಸಿದರೆ ಸಾಕು. ನಿಮ್ಮ ಮನೆ ಇರುವ ಊರನ್ನು ಹೆಸರಿನಿಂದಷ್ಟೇ ಹೇಳುವ ಬದಲು ಆ ಊರಿನ ವಿಕಿಡೇಟಾ ಪುಟಕ್ಕೆ ಕೊಂಡಿ ಕೊಟ್ಟರೆ, ಅದೇ ಹೆಸರಿನ ಬೇರೆ ಊರಿನೊಡನೆ ಗೊಂದಲವಾಗುವುದಿಲ್ಲ. ತಾಣ ಮಾಡಿಕೊಡುವವರಿಂದ ಈ ಒಂದನ್ನು ಕೇಳಿ ಪಡೆಯಿರಿ.

ಈಗ ಎಲ್ಲರೂ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಕೇಳುತ್ತಿರುವಾಗ ಇಷ್ಟು ಶ್ರಮದ ವ್ಯವಸ್ಥೆ ಏಕೆ ಎಂದು ನಮ್ಮ ಓದುಗರೊಬ್ಬರು ಕೇಳಿದರು. ನನ್ನ ಉತ್ತರ ಹೀಗಿದೆ. ಚಾಟ್‌ಬಾಟ್ ಸರಾಗವಾಗಿ ವಾಕ್ಯ ಕಟ್ಟುತ್ತದೆ, ಆದರೆ ಅಂತರ್ಜಾಲದಲ್ಲಿ ಕಡಿಮೆ ಬರಹವಿರುವ ಊರುಗಳ ಬಗ್ಗೆ ಅದು ಅಷ್ಟೇ ಸರಾಗವಾಗಿ ತಪ್ಪನ್ನೂ ಹೇಳುತ್ತದೆ, ಯಾವ ಸಾಲು ಎಲ್ಲಿಂದ ಬಂತೆಂದು ಎಷ್ಟೋ ಸಲ ನಾವು ಹಿಡಿದು ನೋಡಲಾಗುವುದಿಲ್ಲ. ವಿಕಿಡೇಟಾದ ಪ್ರತಿ ಸಾಲನ್ನೂ ಬೆರಳಿಟ್ಟು ತೋರಿಸಬಹುದು, ತಿದ್ದಬಹುದು. ಈ ಎರಡನ್ನೂ ಹತ್ತಿರ ತರುವ ಪ್ರಯತ್ನವಾಗಿ, ವಿಕಿಡೇಟಾದ ಸಂಗತಿಗಳನ್ನು ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ಅರ್ಥದ ಹೋಲಿಕೆಯಿಂದ ಹುಡುಕಿ ಪಡೆಯುವಂತೆ ಮಾಡುವ ಯೋಜನೆಯೊಂದನ್ನು ವಿಕಿಮೀಡಿಯ ಜರ್ಮನಿ 2025ರಲ್ಲಿ ಪ್ರಕಟಿಸಿತು. ನಾಳೆ ಯಾರೋ ಫೋನಿನಲ್ಲಿ ಕೊಡಗಿನ ಬಗ್ಗೆ ಕೇಳಿದಾಗ ಬರುವ ಉತ್ತರ ಸರಿಯಾಗಿರಬೇಕಾದರೆ, ಇಂದು ಆ ಸಾಲು ಸರಿಯಾಗಿ, ಮೂಲದೊಂದಿಗೆ, ಎಲ್ಲೋ ಒಂದು ಕಡೆ ಇರಲೇಬೇಕು.

ವಿಕಿಡೇಟಾದ ವರ್ಗೀಕರಣ ನಮ್ಮ ಜೀವನದಿಂದ ಹುಟ್ಟಿದ್ದಲ್ಲ ಎಂಬ ಆಕ್ಷೇಪವನ್ನು ನಾನು ಭಾಗಶಃ ಒಪ್ಪುತ್ತೇನೆ. ಕೊಡವ ಒಕ್ಕದ ಮೂಲಮನೆಯಾದ ಐನ್‌ಮನೆಯನ್ನು ಹಳೆಯ ವಾಸದ ಮನೆ ಎಂದಷ್ಟೇ ದಾಖಲಿಸಿದರೆ, ಇಡೀ ಒಕ್ಕ ಸುಗ್ಗಿಯ ಹಬ್ಬವಾದ ಪುತ್ತರಿಯಂದು ಬಂದು ಸೇರುವ, ಹಿರಿಯರ ನೆನಪಿನ ಗುಡಿಯಾದ ಕೈಮಡವನ್ನು ಪಕ್ಕದಲ್ಲಿರಿಸಿಕೊಂಡ ಆ ಮನೆಯ ಸ್ಥಾನ ದಾಖಲೆಯಿಂದ ಬಿದ್ದುಹೋಗುತ್ತದೆ. ಆದರೆ ಹೊಸ ವರ್ಗವೊಂದನ್ನು ರಚಿಸಿ, ಅದು ಯಾವ ದೊಡ್ಡ ವರ್ಗದ ಒಳಗೆ ಬರುತ್ತದೆಂದು ಸೂಚಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಐನ್‌ಮನೆ, ಊರವರು ಕೂಡುವ ಜಾಗಗಳಾದ ಮಂದ್ ಮತ್ತು ಅಂಬಲ ಇವುಗಳನ್ನು ಅವುಗಳ ಹೆಸರಿನಲ್ಲೇ ವರ್ಗಗಳಾಗಿ ನಿಲ್ಲಿಸಿ, ಒಕ್ಕಕ್ಕೂ ಮನೆಗೂ ನಾಡಿಗೂ ಇರುವ ಸಂಬಂಧವನ್ನು ಗುಣಗಳ ಮೂಲಕ ಹೇಳಬಹುದು. ಇದನ್ನು ಒಬ್ಬಿಬ್ಬರು ತಮಗೆ ತೋಚಿದಂತೆ ಮಾಡದೆ, ಹಿರಿಯರನ್ನು ಕೇಳಿ, ಒಂದು ಮಾದರಿ ಒಪ್ಪಿಕೊಂಡು ಮಾಡಿದರೆ ಮಾತ್ರ ಪ್ರಯೋಜನ. ಮಾದರಿ ಒಂದೇ ಆಗಿಲ್ಲದಿದ್ದರೆ ಪ್ರಶ್ನೆ ಕೇಳಿದಾಗ ಅರ್ಧ ಮನೆಗಳು ಬರುತ್ತವೆ, ಅರ್ಧ ಬರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಮೊದಲು ಎತ್ತಿಕೊಳ್ಳಬೇಕಾದದ್ದು ದೇವರಕಾಡುಗಳ ಪಟ್ಟಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಪ್ರತಿಯೊಂದಕ್ಕೂ ಒಂದು ಗ್ರಾಮ, ಒಂದು ದೇವರು, ಒಂದು ವಿಸ್ತೀರ್ಣ ಇದೆ. ಕೋಷ್ಟಕಕ್ಕೆ ಹೇಳಿ ಮಾಡಿಸಿದಂಥ ಮಾಹಿತಿ ಇದು: ಯಾವ ಹೋಬಳಿಯಲ್ಲಿ ಎಷ್ಟು, ಅಯ್ಯಪ್ಪನಿಗೆ ಸೇರಿದವು ಎಷ್ಟು, ಭಗವತಿಗೆ ಸೇರಿದವು ಎಷ್ಟು, ಯಾವ ಹಳೆಯ ದಾಖಲೆಯಲ್ಲಿ ಎಷ್ಟು ಎಕರೆ ಎಂದಿತ್ತು, ಹೊಸ ಅಳತೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಮೂಲಸಹಿತ ಪಕ್ಕಪಕ್ಕದಲ್ಲಿಟ್ಟು ನೋಡಲು ವಿಕಿಡೇಟಾ ಸಜ್ಜಾಗಿದೆ. ಪ್ರಕಟವಾದ ಸರ್ಕಾರಿ ದಾಖಲೆಯಲ್ಲಿ ಇರುವುದನ್ನು ಮಾತ್ರ ಸೇರಿಸಬೇಕು. ಬದುಕಿರುವ ಖಾಸಗಿ ವ್ಯಕ್ತಿಗಳ ಹೆಸರು, ದೇವಸ್ಥಾನದ ಮುಖ್ಯಸ್ಥರಾದ ತಕ್ಕರ ಮನೆಯ ಫೋನ್ ನಂಬರ್, ಅಪರೂಪದ ಮರವೋ ಮೂರ್ತಿಯೋ ಇರುವ ಜಾಗದ ನಿಖರ ಅಕ್ಷಾಂಶ ರೇಖಾಂಶ ಇವುಗಳನ್ನು ಹಾಕಬಾರದು; ಒಮ್ಮೆ ಸಿಸಿ ಝೀರೊ ಅಡಿಯಲ್ಲಿ ಹೊರಬಿದ್ದ ಸಂಗತಿಯನ್ನು ಜಗತ್ತಿನ ಯಾವ ಯಂತ್ರ ನಕಲು ಮಾಡಿಕೊಂಡಿದೆಯೆಂದು ತಿಳಿಯುವುದೂ ಇಲ್ಲ, ಅದನ್ನು ಹಿಂದಕ್ಕೆ ಪಡೆಯುವುದೂ ಆಗುವುದಿಲ್ಲ. ಗ್ರಾಮದ ಹೆಸರಿನವರೆಗೆ ಹೇಳಿ ನಿಲ್ಲಿಸಿದರೆ ಅಧ್ಯಯನ ಮಾಡುವವರಿಗೆ ಬೇಕಾದಷ್ಟು ಸಿಗುತ್ತದೆ. ಗ್ರಾಮದ ಪುಟಕ್ಕೆ ಕನ್ನಡದ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಮೊದಲು ಬರೆದು, ಅನಂತರ ದೇವರಕಾಡಿನ ಪುಟವನ್ನು ತೆರೆಯಿರಿ. ಈ ಕ್ರಮದಲ್ಲಿ ಮಾಡಿದರೆ ಕೋಷ್ಟಕದಲ್ಲಿ ಸಂಖ್ಯೆಯ ಬದಲು ಊರಿನ ಹೆಸರೇ ಕಾಣುತ್ತದೆ.